ಹೆಪ್ಪುಗಟ್ಟುವ ನದಿಗಳ ಲೆಕ್ಕ ತಪ್ಪುತ್ತಿರುವುದೇಕೆ?

ಅಲಾಸ್ಕಾದ ಒಳನಾಡಿನಲ್ಲಿ ನೆನಾನಾ ಎಂಬ ಪುಟ್ಟ ಊರಿದೆ. ಊರ ಪಕ್ಕದಲ್ಲೇ ತನಾನಾ ನದಿ. ಚಳಿಗಾಲದಲ್ಲಿ ಆ ನದಿಯ ಮೇಲ್ಭಾಗ ಸುಮಾರು ಒಂದು ಮೀಟರ್ ದಪ್ಪಕ್ಕೆ ಹೆಪ್ಪುಗಟ್ಟುತ್ತದೆ. ಮಾರ್ಚ್ ತಿಂಗಳ ಆರಂಭದಲ್ಲಿ ಊರಿನವರು ಅದರ ಮೇಲೆ ಮರದ ದಿಮ್ಮಿಗಳ ಒಂದು ಗೋಪುರ ನಿಲ್ಲಿಸಿ, ಅಲ್ಲಿಂದ ದಡದ ಗಡಿಯಾರಕ್ಕೆ ತಂತಿ ಎಳೆಯುತ್ತಾರೆ. ವಸಂತದಲ್ಲಿ ಮಂಜುಗಡ್ಡೆ ಒಡೆದು ಗೋಪುರ ತೇಲಿಹೋಗುವಾಗ ತಂತಿಯ ಸೆಳೆತಕ್ಕೆ ಗಡಿಯಾರ ನಿಂತುಬಿಡುತ್ತದೆ. ಆ ದಿನ, ಆ ಗಂಟೆ, ಆ ನಿಮಿಷವನ್ನು ಮೊದಲೇ ಊಹಿಸಿ ಚೀಟಿ ಹಾಕಿದವರಿಗೆ ಹಣ. 1917ರಲ್ಲಿ ರೈಲುಮಾರ್ಗ ಹಾಕಲು ಬಂದಿದ್ದ ಎಂಜಿನಿಯರುಗಳು ತಮ್ಮತಮ್ಮಲ್ಲೇ 800 ಡಾಲರ್ ಕೂಡಿಸಿ ಶುರುಮಾಡಿದ ಈ ಬಾಜಿಯ ಬಹುಮಾನ ಈಚಿನ ವರ್ಷಗಳಲ್ಲಿ ಮೂರು ಲಕ್ಷ ಡಾಲರ್ ದಾಟಿದ್ದೂ ಉಂಟು.

ಜೂಜಿನ ಪುಸ್ತಕ ಹವಾಮಾನ ವಿಜ್ಞಾನದ ದಾಖಲೆಯಾದದ್ದು ಹೀಗೆ. ಹಣದ ಮಾತು ಬಂದಾಗ ಯಾರೂ ತಾರೀಖನ್ನು ಅಂದಾಜಿನಲ್ಲಿ ಬರೆದಿಡುವುದಿಲ್ಲ. ಸೋತವರೆಲ್ಲರೂ ಲೆಕ್ಕ ಪರಿಶೋಧಕರೇ. ಹಾಗಾಗಿ ನೂರು ವರ್ಷಕ್ಕೂ ಹೆಚ್ಚು ಕಾಲದ, ಒಂದೇ ಜಾಗದ, ಒಂದೇ ವಿಧಾನದ ದಾಖಲೆ ವಿಜ್ಞಾನಿಗಳ ಕೈಗೆ ಸಿಕ್ಕಿತು. 2001ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬಾಜಿ ಆರಂಭವಾದ ಕಾಲಕ್ಕೆ ಹೋಲಿಸಿದರೆ ಮಂಜುಗಡ್ಡೆ ಒಡೆಯುವ ದಿನ ಸರಾಸರಿ 5.5 ದಿನ ಮುಂಚೆ ಬರತೊಡಗಿತ್ತು. ಆಮೇಲೆ 2019 ಬಂತು. ಅದಕ್ಕೆ ಮೊದಲು ಏಪ್ರಿಲ್ 20ಕ್ಕಿಂತ ಮುಂಚೆ ತನಾನಾ ಎಂದೂ ಬಾಯಿಬಿಟ್ಟಿರಲಿಲ್ಲ. ಆ ವರ್ಷ ಏಪ್ರಿಲ್ 14ರ ನಡುರಾತ್ರಿ ದಾಟುತ್ತಿದ್ದಂತೆಯೇ ಗಡಿಯಾರ ನಿಂತಿತು.

ಇಷ್ಟಕ್ಕೇ ‘ನೋಡಿ, ಭೂಮಿ ಬಿಸಿಯಾಯಿತು’ ಎಂದು ಮುಗಿಸಿದರೆ ಅರ್ಧ ಕಥೆ ಹೇಳಿದಂತೆ. 2013ರಲ್ಲಿ ಇದೇ ನದಿ ಮೇ 20ರವರೆಗೂ ಜಪ್ಪಯ್ಯ ಎಂದರೂ ಅಲುಗಾಡಿರಲಿಲ್ಲ. ಅಷ್ಟು ತಡವಾಗಿದ್ದ ಇನ್ನೊಂದು ವರ್ಷ ಬೇಕೆಂದರೆ 1964ಕ್ಕೆ ಹೋಗಬೇಕು. ಅಂದರೆ ದಾಖಲೆಯ ಎರಡು ತುದಿಗಳ ನಡುವೆ ಇದ್ದದ್ದು ಕೇವಲ ಆರು ವರ್ಷ. ಹೆಪ್ಪುಗಟ್ಟುವ ನದಿಯನ್ನು ಅರ್ಥ ಮಾಡಿಕೊಳ್ಳಲು ಇದು ಒಳ್ಳೆಯ ಪ್ರವೇಶದ್ವಾರ. ಕರಗುವ ಹಿಮನದಿಗಳ ಸುದ್ದಿಯಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಸಾಗುತ್ತದೆ, ಪ್ರತಿ ವರ್ಷ ಇನ್ನಷ್ಟು ಕಡಿಮೆ. ನದಿಯ ಮಂಜುಗಡ್ಡೆ ಹಾಗಲ್ಲ. ಅದು ಪ್ರತಿ ಚಳಿಗಾಲದಲ್ಲೂ ಹೊಸದಾಗಿ ಹುಟ್ಟಿ ಪ್ರತಿ ವಸಂತದಲ್ಲೂ ಪೂರ್ತಿ ಸಾಯುತ್ತದೆ. ಸರಾಸರಿ ಆಯಸ್ಸು ಕುಗ್ಗುತ್ತಿರುವುದು ನಿಜ. ಆದರೆ ಅದನ್ನು ನೆಚ್ಚಿಕೊಂಡವರಿಗೆ ಹೆಚ್ಚು ಪೆಟ್ಟು ಬೀಳುತ್ತಿರುವುದು ಅದರ ನಡತೆ ಅಂದಾಜಿಗೆ ಸಿಗದಂತಾಗುತ್ತಿರುವುದರಿಂದ.

ಕಾವೇರಿ, ಶರಾವತಿಗಳನ್ನು ತುಂಬುವುದಕ್ಕೂ ಬತ್ತುವುದಕ್ಕೂ ಬಿಟ್ಟು ಬೇರೆ ಸ್ಥಿತಿಯಲ್ಲಿ ನಾವು ಕಂಡವರಲ್ಲ. ಆದ್ದರಿಂದ ನದಿ ಹೆಪ್ಪುಗಟ್ಟುವುದು ಹೇಗೆ ಎಂಬಲ್ಲಿಂದಲೇ ಆರಂಭಿಸಬೇಕು.

ಕೆರೆಯದ್ದು ಸುಲಭ. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಳಿ ಏರುತ್ತಿದ್ದಂತೆ ಮೇಲ್ಪದರದ ನೀರು ತಣ್ಣಗಾಗಿ, ಭಾರವಾಗಿ ಕೆಳಗಿಳಿಯುತ್ತದೆ. ಇಡೀ ಕೆರೆ 4 ಡಿಗ್ರಿಗೆ ಬಂದ ಮೇಲೆ ಇನ್ನೂ ತಣ್ಣಗಾಗುವ ನೀರು ಹಗುರಾಗಿ ಮೇಲೆಯೇ ಉಳಿಯುತ್ತದೆ. ಅದು ಸೊನ್ನೆಗೆ ಇಳಿದು ಗಡ್ಡೆ ಕಟ್ಟುವಾಗಲೂ ತಳದ ನೀರು ಬೆಚ್ಚಗೇ ಇರುತ್ತದೆ. ನದಿಯಲ್ಲಿ ಈ ಪದರಗಳಿಗೆ ಅವಕಾಶವೇ ಇಲ್ಲ. ಹರಿವಿನ ಸುಳಿಗಳು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಎಳೆದಾಡುತ್ತಲೇ ಇರುತ್ತವೆ. ಕಾಯಿಸಿದ ಹಾಲನ್ನು ಅಲುಗಾಡಿಸದೆ ಬಿಟ್ಟರೆ ಕೆನೆ ಕಟ್ಟುತ್ತದೆ, ಸೌಟು ಆಡಿಸುತ್ತಲೇ ಇದ್ದರೆ ಕಟ್ಟುವುದಿಲ್ಲವಲ್ಲ, ಹಾಗೆ. ಮೇಲಿನಿಂದ ತಳದವರೆಗಿನ ಅಷ್ಟೂ ನೀರು ಸೊನ್ನೆ ಡಿಗ್ರಿಗೆ ಇಳಿಯಬೇಕು. ಆಮೇಲಷ್ಟೇ ಮುಂದಿನ ಮಾತು.

ಆ ಮುಂದಿನ ಮಾತು ವಿಚಿತ್ರವಾಗಿದೆ. ಮೋಡವಿಲ್ಲದ, ಕೊರೆಯುವ ರಾತ್ರಿಯಲ್ಲಿ ನದಿಯ ನೀರು ಸೊನ್ನೆಗಿಂತಲೂ ಒಂದು ಡಿಗ್ರಿಯ ನೂರನೇ ಕೆಲವು ಭಾಗಗಳಷ್ಟು ಕೆಳಕ್ಕೆ ಇಳಿಯುತ್ತದೆ, ಆದರೂ ನೀರಾಗಿಯೇ ಇರುತ್ತದೆ. ಈ ಅತಿಶೀತಲ ನೀರಿನಲ್ಲಿ ಮಿಲಿಮೀಟರ್ ಲೆಕ್ಕದ ಚಪ್ಪಟೆ ಹರಳುಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಮೇಲ್ಮೈಯಲ್ಲಿ ಮಾತ್ರವಲ್ಲ, ಹರಿವಿನ ಒಡಲ ತುಂಬ. ಇದಕ್ಕೆ ಫ್ರೇಜಿಲ್ ಎಂದು ಹೆಸರು. ಅತಿಶೀತಲ ನೀರಿನಲ್ಲಿರುವವರೆಗೆ ಈ ಹರಳುಗಳು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತವೆ: ಒಂದಕ್ಕೊಂದು, ತಳದ ಕಲ್ಲುಗಳಿಗೆ, ಜಲವಿದ್ಯುತ್ ಕೇಂದ್ರಗಳ ಕೊಳವೆ ಬಾಯಿಯ ಕಬ್ಬಿಣದ ಜಾಲರಿಗಳಿಗೆ. ರಾತ್ರೋರಾತ್ರಿ ಜಾಲರಿ ಮುಚ್ಚಿಹೋಗಿ ಟರ್ಬೈನುಗಳು ನಿಂತ ಪ್ರಸಂಗಗಳು ಉತ್ತರದ ದೇಶಗಳ ಎಂಜಿನಿಯರುಗಳಿಗೆ ಹೊಸತಲ್ಲ. ತಳದ ಕಲ್ಲಿಗೆ ಅಂಟಿ ಬೆಳೆದ ಗಡ್ಡೆ ಬೆಳಿಗ್ಗೆ ಬಿಸಿಲಿಗೆ ಸಡಿಲಗೊಂಡು, ಕೆಲವೊಮ್ಮೆ ಕಲ್ಲನ್ನೂ ಎತ್ತಿಕೊಂಡು ಮೇಲೇಳುತ್ತದೆ. ತೇಲಿಬಂದ ಫ್ರೇಜಿಲ್ ರಾಶಿಗಳು ದುಂಡು ತಟ್ಟೆಗಳಾಗಿ ಒಂದನ್ನೊಂದು ಒರೆಸುತ್ತಾ ಸಾಗುತ್ತವೆ. ಇತ್ತ ದಡದ ಕಡೆಯಿಂದ, ಹರಿವು ನಿಧಾನವಿರುವಲ್ಲಿ, ಗಡ್ಡೆಯ ಅಂಚು ಒಳಕ್ಕೆ ಬೆಳೆಯುತ್ತಿರುತ್ತದೆ. ಎಲ್ಲೋ ಒಂದು ಇಕ್ಕಟ್ಟಿನ ತಿರುವಿನಲ್ಲಿ ಈ ತಟ್ಟೆಗಳು ಸಿಕ್ಕಿಕೊಂಡು ಎರಡೂ ದಡಗಳಿಗೆ ಸೇತುವೆ ಬೀಳುತ್ತದೆ. ಅದರ ಹಿಂದೆ ಬಂದದ್ದೆಲ್ಲ ಸಾಲುಗಟ್ಟಿ ನಿಂತು, ಹೊದಿಕೆ ನದಿಯ ಮೇಲ್ಮುಖವಾಗಿ ಮೈಲುಗಟ್ಟಲೆ ಹತ್ತುತ್ತದೆ.

ಅಂದರೆ ನದಿ ಹೆಪ್ಪುಗಟ್ಟಲು ಚಳಿಯೊಂದೇ ಸಾಲದು. ನೀರು ಎಷ್ಟಿದೆ, ಎಷ್ಟು ವೇಗದಲ್ಲಿದೆ, ಕಣಿವೆ ಎಲ್ಲಿ ಕಿರಿದಾಗುತ್ತದೆ, ಹಿಂದಿನ ವಾರ ಮಳೆ ಬಂದಿತ್ತೇ ಇಲ್ಲವೇ, ಎಲ್ಲವೂ ಪಾಲುದಾರರು. ಶರತ್ಕಾಲದ ಮಳೆ ಹೆಚ್ಚಾಗಿ ಹರಿವು ಜೋರಾದರೆ ಅದೇ ಚಳಿಗೆ ನದಿ ತಡವಾಗಿ ಮುಚ್ಚುತ್ತದೆ. ಥರ್ಮಾಮೀಟರ್ ನೋಡಿ ಮಾತ್ರ ನದಿಯ ಭವಿಷ್ಯ ಹೇಳುವವರು ಪದೇ ಪದೇ ಎಡವುವುದು ಇಲ್ಲೇ.

ಮುಚ್ಚಿದ ಮೇಲೆ ದಪ್ಪವಾಗಬೇಕು. ನೀರು ಗಡ್ಡೆಯಾಗುವಾಗ ಶಾಖ ಬಿಡುಗಡೆಯಾಗುತ್ತದೆ. ಒಂದು ಕಿಲೋಗ್ರಾಂ ನೀರು ಹೆಪ್ಪುಗಟ್ಟುವಾಗ ಹೊರಬೀಳುವ ಶಾಖದಿಂದ ಇನ್ನೊಂದು ಕಿಲೋಗ್ರಾಂ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಬಿಸಿ ಮಾಡಬಹುದು. ಆ ಶಾಖ ಗಡ್ಡೆಯ ಮೂಲಕವೇ ಮೇಲಿನ ಗಾಳಿಗೆ ದಾಟಿಹೋಗಬೇಕು. ಗಡ್ಡೆ ದಪ್ಪವಾದಷ್ಟೂ ದಾರಿ ಉದ್ದ, ದಾಟುವುದು ನಿಧಾನ. ಹೀಗಾಗಿ ಗಡ್ಡೆ ತನ್ನ ಬೆಳವಣಿಗೆಗೆ ತಾನೇ ಅಡ್ಡಿ. ದಪ್ಪ ಇಮ್ಮಡಿಯಾಗಬೇಕೆಂದರೆ ಒಟ್ಟು ಚಳಿ ನಾಲ್ಕು ಪಟ್ಟಾಗಬೇಕು. ಇಲ್ಲಿ ‘ಚಳಿ’ ಎಂದರೆ ಸೊನ್ನೆಗಿಂತ ಎಷ್ಟು ಡಿಗ್ರಿ ಕೆಳಗೆ ಎಷ್ಟು ದಿನ ಎಂಬುದರ ಗುಣಲಬ್ಧದ ಮೊತ್ತ. ಹತ್ತು ದಿನ ಮೈನಸ್ 10 ಇದ್ದರೂ ಐದು ದಿನ ಮೈನಸ್ 20 ಇದ್ದರೂ ಈ ಲೆಕ್ಕದಲ್ಲಿ ಒಂದೇ.

ಇದಕ್ಕೆ ಇನ್ನೊಂದು ಲೆಕ್ಕವನ್ನು ಜೋಡಿಸಿ. ಗಡ್ಡೆ ಹೊರಬಲ್ಲ ಭಾರ ದಪ್ಪದ ವರ್ಗಕ್ಕೆ ಅನುಗುಣ. ದಪ್ಪ ಅರ್ಧವಾದರೆ ಹೊರುವ ಶಕ್ತಿ ಕಾಲು ಭಾಗ. ಕೆನಡಾದ ಮಂಜುದಾರಿಗಳಲ್ಲಿ ಬಳಸುವ ಎಚ್ಚರಿಕೆಯ ಸೂತ್ರದ ಪ್ರಕಾರ ಒಂದು ಮೀಟರ್ ದಪ್ಪದ ಸ್ವಚ್ಛ ಗಡ್ಡೆಯ ಮೇಲೆ ಸುಮಾರು 35 ಟನ್ ಭಾರದ ಲಾರಿ ಹೋಗಬಹುದು. ಅರ್ಧ ಮೀಟರಿನ ಮೇಲೆ ಒಂಬತ್ತು ಟನ್ ಕೂಡ ಇಲ್ಲ. ಅಂದರೆ ಗಡ್ಡೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟುವುದಕ್ಕೆ ಬಹಳ ಮೊದಲೇ ಅದು ಉಪಯೋಗಕ್ಕೆ ಬಾರದಂತಾಗಿರುತ್ತದೆ. ಉಪಗ್ರಹದ ಚಿತ್ರದಲ್ಲಿ ನದಿ ಬೆಳ್ಳಗೆ ಕಾಣುತ್ತಿರುತ್ತದೆ, ಡೀಸೆಲ್ ಟ್ಯಾಂಕರ್ ಮಾತ್ರ ದಡದಲ್ಲೇ ನಿಂತಿರುತ್ತದೆ.

ಹಿಮಪಾತದ ಪಾತ್ರವನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಹಿಮ ಹೆಚ್ಚು ಬಿದ್ದರೆ ಮಂಜುಗಡ್ಡೆಗೆ ಒಳ್ಳೆಯದು ಎಂದು ತೋರುವುದು ಸಹಜ. ವಾಸ್ತವ ಉಲ್ಟಾ. ಬಿಡಿಬಿಡಿಯಾದ ಹಿಮದ ತುಂಬ ಗಾಳಿ. ಅದು ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಗಡ್ಡೆ ಇನ್ನೂ ತೆಳುವಾಗಿರುವಾಗಲೇ ಮೇಲೆ ದಪ್ಪ ಹಿಮ ಬಿದ್ದರೆ ಕೆಳಗೆ ಬೆಳವಣಿಗೆ ನಿಂತಂತೆಯೇ. ಹಿಮದ ಭಾರಕ್ಕೆ ಗಡ್ಡೆ ಬಿರಿದು ನೀರು ಉಕ್ಕಿ ಹಿಮವನ್ನು ನೆನೆಸಿದರೆ, ಆ ಮಿಶ್ರಣ ಹೆಪ್ಪುಗಟ್ಟಿ ಬಿಳಿ ಗಡ್ಡೆಯಾಗುತ್ತದೆ. ಗುಳ್ಳೆಗಳಿಂದ ತುಂಬಿದ ಈ ಬಿಳಿ ಗಡ್ಡೆಯನ್ನು ಸ್ವಚ್ಛವಾದ ಕಪ್ಪು ಗಡ್ಡೆಯ ಅರ್ಧದಷ್ಟೇ ಗಟ್ಟಿ ಎಂದು ಲೆಕ್ಕ ಹಿಡಿಯುತ್ತಾರೆ. ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರುತ್ತದೆ, ಬಹಳ ಚಳಿಯ ಪ್ರದೇಶಗಳಲ್ಲಿ ಅದು ಹೆಚ್ಚು ಹಿಮವಾಗಿಯೇ ಬೀಳಬಹುದು. ಹೀಗೆ ತಾಪಮಾನ ಏರಿಕೆ ನೇರವಾಗಿ ಒಮ್ಮೆ, ಹಿಮದ ಮೂಲಕ ಇನ್ನೊಮ್ಮೆ, ಎರಡು ಕಡೆಯಿಂದ ಗಡ್ಡೆಯನ್ನು ತೆಳುವಾಗಿಸಬಲ್ಲದು.

ಇಡೀ ಜಗತ್ತಿನ ಚಿತ್ರ ಹೇಗಿದೆ? ಕೈಬರಹದ ದಾಖಲೆಗಳಲ್ಲಿ ಬಹಳ ಹಳೆಯದೊಂದಕ್ಕೆ ಫಿನ್ಲೆಂಡ್ ಮತ್ತು ಸ್ವೀಡನ್ ಗಡಿಯ ಟೋರ್ನೆ ನದಿಯತ್ತ ನೋಡಬೇಕು. ಅಲ್ಲಿ ಮಂಜುಗಡ್ಡೆ ಒಡೆಯುವ ದಿನವನ್ನು 1693ರಿಂದಲೂ ಬರೆದಿಡುತ್ತ ಬಂದಿದ್ದಾರೆ. ಈ ಮೂರು ಶತಮಾನಗಳಲ್ಲಿ ಆ ದಿನ ಒಂದು ವಾರಕ್ಕೂ ಹೆಚ್ಚು ಮುಂಚೆ ಬರತೊಡಗಿದೆ. ಉತ್ತರ ಗೋಳಾರ್ಧದ ಇಂಥ ಹಲವು ನದಿ, ಸರೋವರಗಳ ದಾಖಲೆಗಳನ್ನು ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ 1846ರಿಂದ 1995ರವರೆಗಿನ ಕಾಲವನ್ನು ನೋಡಿತು. ಶತಮಾನಕ್ಕೆ ಸರಾಸರಿ 5.8 ದಿನ ತಡವಾಗಿ ಹೆಪ್ಪುಗಟ್ಟುವುದು, 6.5 ದಿನ ಬೇಗ ಒಡೆಯುವುದು ಎಂಬುದು ಅದರ ಉತ್ತರ.

ಅದು ದಡದಲ್ಲಿ ನಿಂತವರ ಲೆಕ್ಕ. ಮೇಲಿನಿಂದ ನೋಡಿದವರ ಲೆಕ್ಕ 2020ರಲ್ಲಿ ಬಂತು. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಕ್ಸಿಯಾವ್ ಯಾಂಗ್ ಮತ್ತು ಸಂಗಡಿಗರು 1984ರಿಂದ 2018ರವರೆಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಲ್ಯಾಂಡ್‌ಸ್ಯಾಟ್ ಉಪಗ್ರಹ ಚಿತ್ರಗಳನ್ನು ಜಾಲಾಡಿ ‘ನೇಚರ್’ನಲ್ಲಿ ಬರೆದರು. ಜಗತ್ತಿನ ನದಿಗಳ ಉದ್ದದಲ್ಲಿ ಅರ್ಧಕ್ಕೂ ಹೆಚ್ಚು, 56 ಶೇಕಡಾದಷ್ಟು, ಚಳಿಗಾಲದ ಮಂಜುಗಡ್ಡೆಗೆ ಒಳಗಾಗುತ್ತದೆ. ಉಷ್ಣವಲಯದಲ್ಲಿ ಕುಳಿತ ನಮಗೆ ಈ ಅಂಕಿ ಅಚ್ಚರಿ ತರಿಸಬೇಕು. ನಾವು ಸಹಜ ಎಂದುಕೊಂಡಿರುವ ನದಿ ಭೂಮಿಯ ಮಟ್ಟಿಗೆ ಅಲ್ಪಸಂಖ್ಯಾತ. ಗಡ್ಡೆ ಮುಚ್ಚಿದ ಭಾಗ ಮೂರು ದಶಕಗಳಲ್ಲಿ 2.5 ಶೇಕಡಾಂಶ ಕುಗ್ಗಿದೆ. ಜಾಗತಿಕ ಸರಾಸರಿ ತಾಪಮಾನ ಒಂದು ಡಿಗ್ರಿ ಏರಿದರೆ ನದಿಗಳ ಮೇಲೆ ಗಡ್ಡೆ ಇರುವ ಅವಧಿ ಸರಾಸರಿ ಆರು ದಿನ ಕಡಿಮೆಯಾಗುತ್ತದೆ ಎಂಬುದು ಅವರ ಅಂದಾಜು. ಹಸಿರುಮನೆ ಅನಿಲಗಳು ಎಗ್ಗಿಲ್ಲದೆ ಹೆಚ್ಚಿದರೆ ಈ ಶತಮಾನದ ಕೊನೆಯ ಹೊತ್ತಿಗೆ ಇನ್ನೂ 16.7 ದಿನ, ಮಧ್ಯಮ ಹಾದಿ ಹಿಡಿದರೆ 7.3 ದಿನ ಹೋಗಬಹುದು. ಹೆಚ್ಚು ಕುಗ್ಗಿದ ಪ್ರದೇಶಗಳ ಪಟ್ಟಿಯಲ್ಲಿ ಪೂರ್ವ ಯುರೋಪ್ ಮತ್ತು ಅಲಾಸ್ಕಾ ಇವೆ, ಜೊತೆಗೆ ಟಿಬೆಟ್ ಪ್ರಸ್ಥಭೂಮಿಯೂ ಇದೆ.

ಆದರೆ ಸರಾಸರಿ ಎಂಬುದು ಇಲ್ಲಿ ಸ್ವಲ್ಪ ಮೋಸಗಾರ. ಸೈಬೀರಿಯಾದ ಒಳನಾಡಿನಲ್ಲಿ ಜನವರಿಯ ಚಳಿ ಮೈನಸ್ 40ರಿಂದ ಮೈನಸ್ 37ಕ್ಕೆ ಏರಿದರೆ ನದಿ ಆಗಲೂ ಗಡ್ಡೆಯೇ. ಬದಲಾವಣೆ ಕಾಣುವುದು ಅಕ್ಟೋಬರ್ ಮತ್ತು ಮೇ ತಿಂಗಳ ಅಂಚುಗಳಲ್ಲಿ. ಪೋಲೆಂಡಿನಂಥ ಕಡೆ ಚಳಿಗಾಲದ ಸರಾಸರಿಯೇ ಸೊನ್ನೆಯ ಆಸುಪಾಸಿನಲ್ಲಿ ತೂಗುತ್ತಿರುತ್ತದೆ. ಅಲ್ಲಿ ಎರಡು ಡಿಗ್ರಿ ಏರಿದರೆ ಒಂದಿಡೀ ಚಳಿಗಾಲ ಗಡ್ಡೆಯಿಲ್ಲದೆ ಕಳೆಯಬಹುದು. ಹಾಗಾಗಿ ‘ಒಂದು ಡಿಗ್ರಿಗೆ ಆರು ದಿನ’ ಎಂಬ ಸೂತ್ರವನ್ನು ಯಾವುದೋ ಒಂದು ನದಿಗೆ ಅಂಟಿಸಿ ಭವಿಷ್ಯ ಹೇಳುವುದು ತರವಲ್ಲ.

ಈಗ ಒಡೆಯುವ ಕಥೆಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ಮಂಜುಗಡ್ಡೆ ಸಾಯುವುದು ಎರಡು ಬಗೆಯಲ್ಲಿ. ಮೊದಲನೆಯದು ಮುಪ್ಪಿನ ಸಾವು. ವಸಂತದ ಬಿಸಿಲು ನಿಧಾನವಾಗಿ ಏರುತ್ತದೆ, ಮೇಲಿನ ಹಿಮ ಕರಗುತ್ತದೆ, ಗಡ್ಡೆಯೊಳಗಿನ ಹರಳುಗಳ ಸಂದುಗಳು ಸಡಿಲವಾಗುತ್ತವೆ, ಗಡ್ಡೆ ಲಂಬ ಕಡ್ಡಿಗಳ ಕಂತೆಯಂತಾಗಿ ನಿಂತಲ್ಲೇ ಪುಡಿಯಾಗುತ್ತದೆ. ಊರಿಗೆ ಯಾವ ತೊಂದರೆಯೂ ಇಲ್ಲ. ಎರಡನೆಯದು ಹೊಡೆತದ ಸಾವು. ಗಡ್ಡೆ ಇನ್ನೂ ಗಟ್ಟಿಯಾಗಿರುವಾಗಲೇ ಮೇಲಿನ ಕಣಿವೆಗಳಲ್ಲಿ ಹಿಮ ಥಟ್ಟನೆ ಕರಗಿ, ಅಥವಾ ಹಿಮದ ಮೇಲೆ ಮಳೆ ಸುರಿದು, ಪ್ರವಾಹ ನುಗ್ಗುತ್ತದೆ. ನೀರು ಉಬ್ಬಿ ಗಡ್ಡೆಯನ್ನು ದಡಗಳಿಂದ ಕಿತ್ತು, ಮನೆಗಾತ್ರದ ಹಲಗೆಗಳಾಗಿ ಒಡೆದು ದೂಡಿಕೊಂಡು ಹೋಗುತ್ತದೆ. ಕೆಳಗೆ ಇನ್ನೂ ಒಡೆಯದ ಗಡ್ಡೆ ಎದುರಾದರೆ, ಸೇತುವೆಯ ಕಂಬ ಅಥವಾ ನಡುಗಡ್ಡೆ ಸಿಕ್ಕರೆ, ಹಲಗೆಗಳು ಒಂದರ ಮೇಲೊಂದು ಏರಿ ನಿಂತು ಅಣೆಕಟ್ಟಾಗುತ್ತವೆ. ಹಿಂದಿನ ನೀರು ಗಂಟೆಗಳಲ್ಲಿ ಹಲವು ಮೀಟರ್ ಏರುತ್ತದೆ. ಅದೇ ಪ್ರಮಾಣದ ಮಳೆನೀರಿನ ಪ್ರವಾಹಕ್ಕಿಂತ ಈ ಪ್ರವಾಹದ ಮಟ್ಟ ಎಷ್ಟೋ ಎತ್ತರ, ಎಚ್ಚರಿಕೆಗೆ ಸಿಗುವ ಸಮಯ ಎಷ್ಟೋ ಕಡಿಮೆ.

ಉತ್ತರಕ್ಕೆ ಹರಿಯುವ ನದಿಗಳ ಪಾಲಿಗೆ ಇದು ಹುಟ್ಟಿನಿಂದಲೇ ಬಂದ ಕರ್ಮ. ಲೆನಾ, ಯೆನಿಸೇ, ಓಬ್, ಮೆಕೆಂಝಿ ಎಲ್ಲವೂ ದಕ್ಷಿಣದಲ್ಲಿ ಹುಟ್ಟಿ ಆರ್ಕ್ಟಿಕ್ ಸಾಗರ ಸೇರುತ್ತವೆ. ಮೊದಲು ಕರಗುವುದು ಮೇಲ್ದಂಡೆ, ಕೆಳದಂಡೆ ಇನ್ನೂ ಕಲ್ಲಿನಂತಿರುತ್ತದೆ. 2001ರ ಮೇ ತಿಂಗಳಲ್ಲಿ ಲೆನಾ ದಂಡೆಯ ಲೆನ್ಸ್ಕ್ ಪಟ್ಟಣ ಹೀಗೆಯೇ ಮುಳುಗಿತು. ಗಡ್ಡೆಯ ಕಟ್ಟೆಯನ್ನು ಒಡೆಯಲು ರಷ್ಯಾ ಯುದ್ಧವಿಮಾನಗಳಿಂದ ಬಾಂಬು ಹಾಕಿಸಿತು. ಅಷ್ಟು ಹೊತ್ತಿಗೆ ಪಟ್ಟಣದ ಬಹುಪಾಲು ಮನೆಗಳು ನೀರಿನಲ್ಲಿದ್ದವು. ಕೆನಡಾದ ಫೋರ್ಟ್ ಮ್ಯಾಕ್‌ಮರ್ರೆಯಲ್ಲಿ 2020ರ ಏಪ್ರಿಲ್ ಕೊನೆಯಲ್ಲಿ ಅಥಾಬಾಸ್ಕಾ ನದಿಯ ಮೇಲೆ ಸುಮಾರು 25 ಕಿಲೋಮೀಟರ್ ಉದ್ದದ ಗಡ್ಡೆಯ ಕಟ್ಟೆ ಸಿಕ್ಕಿಕೊಂಡಿತು. ಕೊರೊನಾ ಕಾಲದ ಲಾಕ್‌ಡೌನ್ ನಡುವೆ 13,000ದಷ್ಟು ಜನ ಮನೆ ಬಿಡಬೇಕಾಯಿತು. ದೂರ ಇರಿ ಎಂದು ಹೇಳಿದ್ದ ಆಡಳಿತವೇ ಜನರನ್ನು ಬಸ್ಸುಗಳಿಗೆ ಹತ್ತಿಸಬೇಕಾಗಿ ಬಂದ ಪರಿಸ್ಥಿತಿ.

ತಾಪಮಾನ ಏರಿದರೆ ಗಡ್ಡೆ ತೆಳುವಾಗುತ್ತದೆ, ಹಾಗಾದರೆ ಇಂಥ ಪ್ರವಾಹಗಳು ಕಡಿಮೆಯಾಗಬೇಕಲ್ಲವೇ? ಹಲವು ನದಿಗಳಲ್ಲಿ ಆಗಲೂಬಹುದು. ಆದರೆ ನಿರ್ಣಾಯಕವಾದದ್ದು ಗಡ್ಡೆಯ ದಪ್ಪವೊಂದೇ ಅಲ್ಲ, ಗಡ್ಡೆ ಮುಪ್ಪಾಗುವುದಕ್ಕೂ ನೀರು ಬರುವುದಕ್ಕೂ ಇರುವ ಓಟದ ಸ್ಪರ್ಧೆ. ಹಳೆಯ ಚಳಿಗಾಲಗಳಲ್ಲಿ ಬಿಸಿಲಿಗೆ ವಾರಗಟ್ಟಲೆ ಸಮಯ ಸಿಗುತ್ತಿತ್ತು. ಈಗ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಏಕಾಏಕಿ ಬೆಚ್ಚಗಾಗಿ ನೀರು ಮೊದಲು ಬಂದುಬಿಟ್ಟರೆ ಹೊಡೆತದ ಸಾವೇ ಗತಿ. ಅದಕ್ಕಿಂತ ಕೆಟ್ಟದ್ದು ನಡುಚಳಿಗಾಲದ ಒಡೆತ. ಜನವರಿಯಲ್ಲಿ ಮೂರು ದಿನ ಬೆಚ್ಚಗಾಗಿ ಮಳೆ ಬಂದು ನದಿ ಒಡೆಯುತ್ತದೆ, ಹಲಗೆಗಳು ಎಲ್ಲೋ ಕಟ್ಟಿಕೊಳ್ಳುತ್ತವೆ, ನಾಲ್ಕನೇ ದಿನ ಚಳಿ ಮರಳಿ ಆ ಕಟ್ಟೆಯನ್ನು ಹಾಗೆಯೇ ಬೆಸೆದುಬಿಡುತ್ತದೆ. ಮುಂದಿನ ಎರಡು ತಿಂಗಳು ಊರಿನವರು ಆ ಗುಡ್ಡೆಯನ್ನು ನೋಡುತ್ತಾ ಕೂರಬೇಕು. ಪೂರ್ವ ಕೆನಡಾದ ನದಿಗಳಲ್ಲಿ ಮೊದಲಿನಿಂದಲೂ ಕಂಡುಬರುತ್ತಿದ್ದ ಈ ವಿದ್ಯಮಾನ ಇನ್ನೂ ಉತ್ತರಕ್ಕೆ, ಇನ್ನೂ ಒಳನಾಡಿಗೆ ಹಬ್ಬಬಹುದು ಎಂಬುದು ಸಂಶೋಧಕರ ಆತಂಕ.

ನದಿಯ ಮಂಜುಗಡ್ಡೆ ಎಂದರೆ ಬಹಳ ಕಡೆ ರಸ್ತೆ ಎಂದೇ ಅರ್ಥ. ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ಯಾಕುಟ್ಸ್ಕ್ ನಗರಕ್ಕೆ ಲೆನಾ ನದಿಯ ಆಚೆಯ ದಡದ ಹೆದ್ದಾರಿಯೊಂದಿಗೆ ಸೇತುವೆಯ ಸಂಪರ್ಕವಿಲ್ಲ. ಸೇತುವೆ ಕಟ್ಟುವ ಯೋಜನೆ ದಶಕಗಳಿಂದ ಎಳೆದುಕೊಂಡು ಬಂದಿದೆ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಗಡ್ಡೆಯ ಮೇಲೆ ಲಾರಿ. ಎರಡೂ ನಡೆಯದ, ಗಡ್ಡೆ ಕಟ್ಟುತ್ತಿರುವ ಮತ್ತು ಒಡೆಯುತ್ತಿರುವ ವಾರಗಳಲ್ಲಿ ಸರಕಿನ ಬೆಲೆ ಏರುತ್ತದೆ. ಅಲಾಸ್ಕಾದ ಬೆತೆಲ್ ಪಟ್ಟಣದಿಂದ ಸುತ್ತಲ ಹಳ್ಳಿಗಳಿಗೆ ಕುಸ್ಕೊಕ್ವಿಮ್ ನದಿಯೇ ಹೆದ್ದಾರಿ. ಹಿಮ ಸರಿಸಿ, ದಪ್ಪ ಅಳೆದು, ತೆರೆದ ನೀರಿರುವಲ್ಲಿ ಗುರುತು ನೆಟ್ಟು ದಾರಿ ಕಾಯುವವರು ಅಲ್ಲಿನ ಸ್ಥಳೀಯರೇ. ಅಜ್ಜಂದಿರಿಂದ ಕಲಿತ ತಿಳಿವಳಿಕೆ ಅವರಿಗಿದೆ: ಯಾವ ತಿರುವಿನಲ್ಲಿ ಗಡ್ಡೆ ತೆಳು, ಯಾವ ಬಣ್ಣ ಅಪಾಯದ್ದು, ಯಾವ ತಿಂಗಳ ನಂತರ ಧೈರ್ಯವಾಗಿ ನಡೆಯಬಹುದು. ಈ ಕೊನೆಯದು ಈಗ ಕೈಕೊಡುತ್ತಿದೆ. ಅನುಭವಿಗಳೇ ನೀರಿಗೆ ಬೀಳುವುದು ಅನುಭವ ಕಡಿಮೆಯಾಗಿ ಅಲ್ಲ, ಅನುಭವ ಬೇರೊಂದು ಹವಾಮಾನದಲ್ಲಿ ಗಳಿಸಿದ್ದಾಗಿ.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಎತ್ತಬೇಕು. ನದಿ ಹೆಪ್ಪುಗಟ್ಟದ್ದಕ್ಕೆಲ್ಲ ಹವಾಮಾನವನ್ನೇ ದೂರುವುದು ಸೋಮಾರಿತನ. ಲಂಡನ್ನಿನ ಥೇಮ್ಸ್ ಮೇಲೆ ಅಂಗಡಿ ಹಾಕಿ ನಡೆಸುತ್ತಿದ್ದ ಮಂಜಿನ ಜಾತ್ರೆಗಳಲ್ಲಿ ಕೊನೆಯದು 1814ರಲ್ಲಿ ನಡೆಯಿತು. ಆಗಿನ ಕಾಲ ಈಗಿಗಿಂತ ತಣ್ಣಗಿತ್ತು, ಸರಿ. ಆದರೆ ಕಿರಿದಾದ ಕಮಾನುಗಳಿಂದ ಹರಿವನ್ನು ತಡೆದು ಗಡ್ಡೆ ಕಟ್ಟಲು ನೆರವಾಗುತ್ತಿದ್ದ ಹಳೆಯ ಲಂಡನ್ ಸೇತುವೆಯನ್ನು 1831ರಲ್ಲಿ ಕೆಡವಿದರು. ಆಮೇಲೆ ದಡಗಳಿಗೆ ಗೋಡೆ ಕಟ್ಟಿ ನದಿಯನ್ನು ಕಿರಿದಾಗಿಸಿ ವೇಗ ಹೆಚ್ಚಿಸಿದರು. 1963ರ ಘೋರ ಚಳಿಯಲ್ಲಿ ಮೇಲಿನ ವಿಂಡ್ಸರ್ ಬಳಿ ಥೇಮ್ಸ್ ಹೆಪ್ಪುಗಟ್ಟಿತು, ಲಂಡನ್ ನಡುವೆ ಇಲ್ಲ. ಇನ್ನೂ ಸ್ಪಷ್ಟ ಉದಾಹರಣೆ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್. ನಗರದ ಮೇಲ್ಭಾಗದಲ್ಲಿ ಯೆನಿಸೇ ನದಿಗೆ ದೊಡ್ಡ ಜಲವಿದ್ಯುತ್ ಅಣೆಕಟ್ಟು ಕಟ್ಟಿದ ಮೇಲೆ ಜಲಾಶಯದ ಆಳದ ನೀರು ಸೊನ್ನೆಗಿಂತ ಕೆಲವು ಡಿಗ್ರಿ ಬೆಚ್ಚಗೆ ಹೊರಬರುತ್ತದೆ. ಹೊರಗೆ ಮೈನಸ್ 30 ಇದ್ದರೂ ನಗರದ ನಡುವೆ ನದಿ ಹಬೆಯಾಡುತ್ತಾ ಹರಿಯುತ್ತದೆ. ಕಾರಣ ಕಾಂಕ್ರೀಟ್, ಇಂಗಾಲವಲ್ಲ. ಹವಾಮಾನದ ಪಾಲು ಎಷ್ಟು ಎಂದು ತಿಳಿಯಬೇಕಾದರೆ ಇಂಥ ನದಿಗಳನ್ನು ಬದಿಗಿಟ್ಟು ಲೆಕ್ಕ ಹಾಕಬೇಕಾಗುತ್ತದೆ.

ಗಡ್ಡೆಯ ಪ್ರವಾಹ ಬರದಿದ್ದರೂ ತೊಂದರೆ ಎಂಬುದಕ್ಕೂ ಸಾಕ್ಷಿ ಇದೆ. ಕೆನಡಾದ ಪೀಸ್ ಮತ್ತು ಅಥಾಬಾಸ್ಕಾ ನದಿಗಳ ಮುಖಜಭೂಮಿ ಜಗತ್ತಿನ ದೊಡ್ಡ ಒಳನಾಡು ಮುಖಜಭೂಮಿಗಳಲ್ಲಿ ಒಂದು. ಅಲ್ಲಿನ ಎತ್ತರದ ಹೊಂಡಗಳಿಗೆ ನದಿಯ ಸಾಮಾನ್ಯ ನೆರೆ ತಲುಪುವುದಿಲ್ಲ. ಗಡ್ಡೆಯ ಕಟ್ಟೆ ಬಿದ್ದು ನೀರು ಉಬ್ಬಿದಾಗ ಮಾತ್ರ ಅವು ತುಂಬುತ್ತವೆ. ಮೇಲ್ದಂಡೆಯ ಅಣೆಕಟ್ಟು ಮತ್ತು ಬೆಚ್ಚಗಿನ ಚಳಿಗಾಲ ಎರಡೂ ಸೇರಿ ಅಂಥ ಕಟ್ಟೆಗಳು ಅಪರೂಪವಾದಾಗ ಹೊಂಡಗಳು ಒಣಗಿ, ಹುಲ್ಲು ಹೋಗಿ ಪೊದೆ ಬೆಳೆಯಲಾರಂಭಿಸಿತು. ಕಾಡೆಮ್ಮೆಗಳಿಗೂ ವಲಸೆ ಹಕ್ಕಿಗಳಿಗೂ ಅದೇ ಮನೆ. ಊರಿಗೆ ವಿಪತ್ತಾದದ್ದು ಜೌಗಿಗೆ ಊಟ.

ನಮ್ಮ ದೇಶಕ್ಕೆ ಬಂದರೆ ಹೆಪ್ಪುಗಟ್ಟುವ ನದಿಗಳಲ್ಲಿ ಹೆಸರಾದದ್ದು ಲಡಾಖಿನ ಝನ್ಸ್ಕಾರ್. ಪದುಮ್ ಬಳಿ ಎರಡು ಹೊಳೆಗಳು ಕೂಡಿ ಹುಟ್ಟುವ ಈ ನದಿ ಎತ್ತರದ ಬಂಡೆಗೋಡೆಗಳ ನಡುವಿನ ಆಳ ಕಮರಿಯಲ್ಲಿ ಹರಿದು ನಿಮ್ಮುವಿನಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ಚಳಿಗಾಲದಲ್ಲಿ ಸುತ್ತಲ ಕಣಿವೆದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋದಾಗ ಝನ್ಸ್ಕಾರಿಗಳಿಗೆ ಹೊರಜಗತ್ತಿಗೆ ಇದ್ದ ದಾರಿ ಈ ನದಿಯ ಗಡ್ಡೆಯೊಂದೇ, ಚಾದರ್. ಲೇಹ್ ಪೇಟೆಗೆ ಬೆಣ್ಣೆ ಹೊತ್ತು ಹೋಗುತ್ತಿದ್ದರು, ಮಕ್ಕಳನ್ನು ಶಾಲೆಗೆ ಬಿಡಲು ಕರೆದೊಯ್ಯುತ್ತಿದ್ದರು. ರಾತ್ರಿ ಬಂಡೆಯ ಗುಹೆಗಳಲ್ಲಿ ತಂಗುವುದು, ಬೆಳಿಗ್ಗೆ ಕೋಲಿನಿಂದ ಗಡ್ಡೆಯನ್ನು ತಟ್ಟಿ ಸದ್ದು ಕೇಳಿ ಹೆಜ್ಜೆ ಇಡುವುದು, ಕಾಲೆತ್ತದೆ ಜಾರಿಸುತ್ತಾ ನಡೆಯುವುದು. ಈಗ ಪ್ರತಿ ಜನವರಿಯಲ್ಲಿ ದೇಶದ ನಾನಾ ಕಡೆಯಿಂದ, ಬೆಂಗಳೂರಿನಿಂದಲೂ, ಚಾರಣಿಗರು ಅಲ್ಲಿಗೆ ಹೋಗುತ್ತಾರೆ. ಲೇಹ್‌ನಲ್ಲಿ ಮೈಗೆ ಎತ್ತರ ಒಗ್ಗಿಸಿಕೊಂಡು, ವೈದ್ಯಕೀಯ ತಪಾಸಣೆ ಪಾಸಾದ ಮೇಲಷ್ಟೇ ಬಿಡುತ್ತಾರೆ.

ಚಾದರ್ ಸ್ಥಿರವಾದ ಹಾಸುಗಲ್ಲಲ್ಲ ಎಂಬುದು ಮೇಲಿನ ವಿವರಣೆ ಓದಿದವರಿಗೆ ಹೊಳೆದಿರಬೇಕು. ಝನ್ಸ್ಕಾರ್ ರಭಸದ ನದಿ. ಫ್ರೇಜಿಲ್ ತಟ್ಟೆಗಳು ಮತ್ತು ದಡದಿಂದ ಬೆಳೆದ ಅಂಚುಗಳೇ ಅಲ್ಲಿ ದಾರಿ. ಕಮರಿಯ ಗೋಡೆಗಳು ಬಿಸಿಲನ್ನು ತಡೆಯುವುದರಿಂದ ಅದು ಉಳಿಯುತ್ತದೆ. ಮೋಡ ಕವಿದ ರಾತ್ರಿ ಚಳಿ ಕಡಿಮೆಯಾದರೆ ನಿನ್ನೆಯ ದಾರಿ ಇಂದು ಇರುವುದಿಲ್ಲ, ಆಗ ಬಂಡೆ ಹತ್ತಿ ಬಳಸಿ ಹೋಗಬೇಕು. ಹಿಂದೆ ಡಿಸೆಂಬರ್‌ನಿಂದ ಮಾರ್ಚ್ ಮೊದಲವರೆಗೂ ನಡೆಯುತ್ತಿದ್ದೆವು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಈಗ ಚಾರಣದ ಕಾಲ ಹೆಚ್ಚುಕಡಿಮೆ ಜನವರಿ ನಡುವಿನಿಂದ ಫೆಬ್ರವರಿ ನಡುವಿನವರೆಗೆ. ಇಲ್ಲೂ ಎಲ್ಲವನ್ನೂ ತಾಪಮಾನದ ತಲೆಗೆ ಕಟ್ಟಲಾಗದು. ಕಮರಿಯ ಗೋಡೆ ಸಿಡಿಸಿ ರಸ್ತೆ ಮಾಡುವಾಗ ಉರುಳಿದ ಕಲ್ಲುಮಣ್ಣು ನದಿಗೇ ಬಿದ್ದಿದೆ. 2014ರ ಡಿಸೆಂಬರ್ ಕೊನೆಯ ದಿನ ಮೇಲಿನ ಫುಗ್ತಲ್ ಹೊಳೆಗೆ ಭೂಕುಸಿತ ಅಡ್ಡಬಿದ್ದು ಕೆರೆಯೇ ನಿರ್ಮಾಣವಾಗಿತ್ತು. ಅದು ಒಡೆದದ್ದು ಮರುವರ್ಷದ ಮೇ ತಿಂಗಳಲ್ಲಿ.

ಗಡ್ಡೆಯ ಗತಿ ಏನಾದರೂ ಆಗಲಿ, ದಾರಿಯಾಗಿ ಚಾದರ್‌ನ ಕೆಲಸವನ್ನು ಬೇರೊಂದು ವಹಿಸಿಕೊಳ್ಳುತ್ತಿದೆ. ಗಡಿ ರಸ್ತೆಗಳ ಸಂಸ್ಥೆಯ 298 ಕಿಲೋಮೀಟರ್ ಉದ್ದದ ನಿಮ್ಮು–ಪದುಮ್–ದಾರ್ಚಾ ರಸ್ತೆ 2024ರ ಮಾರ್ಚ್‌ನಲ್ಲಿ ಎರಡೂ ತುದಿಗಳನ್ನು ಮುಟ್ಟಿತು. ಅದೇ ಜುಲೈನಲ್ಲಿ ಶಿಂಕು ಲಾ ಕಣಿವೆದಾರಿಯ ಕೆಳಗೆ 4.1 ಕಿಲೋಮೀಟರ್ ಸುರಂಗಕ್ಕೆ ಮೊದಲ ಸಿಡಿತ ನಡೆಯಿತು. ಸುರಂಗ ಮುಗಿದರೆ ಪದುಮ್‌ನ ಬೆಣ್ಣೆ ಜನವರಿಯಲ್ಲೂ ಲಾರಿ ಹತ್ತಿ ಮನಾಲಿಯ ಕಡೆಗೂ ಹೋಗಬಹುದು. ಬೆತೆಲ್‌ನ ಸುತ್ತಲ ಹಳ್ಳಿಗಳಿಗೆ ಅಂಥ ಇನ್ನೊಂದು ದಾರಿ ಇಲ್ಲ. ಅಲ್ಲಿ ಗಡ್ಡೆ ಕೈಕೊಟ್ಟ ವಾರಗಳಲ್ಲಿ ಉಳಿಯುವುದು ಸಣ್ಣ ವಿಮಾನ, ಅದರ ಟಿಕೆಟ್ ದರ, ಹವೆ ತಿಳಿಯಾಗಲೆಂದು ಕಾಯುವುದು.